ಕೇಸರಿಬಾತ್ ಕೊಟ್ಟ ಮನೆಗಳ ಸೊನ್ನೆ

ನನ್ನ ಹೆಂಡತಿ ಪ್ರೇಮಲೀಲಾ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟರು. ಹೆಂಗಸನ್ನು ಮೇಷ್ಟರು ಎನ್ನಬಾರದು ಎಂದು ಯಾರಾದರೂ ತಕರಾರು ತೆಗೆದರೆ, ಅವರು ಒಂದು ದಿನ ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಬಂದು ಅವಳ ಜೊತೆ ಅರ್ಧ ಗಂಟೆ ಮಾತಾಡಿ ಹೋಗಲಿ. ಆಮೇಲೆ ತಕರಾರು ಇರುವುದಿಲ್ಲ.

ನನ್ನದು ಸಂತೆಪೇಟೆಯಲ್ಲಿ ಬಟ್ಟೆ ಅಂಗಡಿ. "ಇವತ್ತು ವ್ಯಾಪಾರವೇ ಇಲ್ಲ ಕಣೇ" ಎಂದು ನಾನು ಜೋಲುಮೋರೆ ಹಾಕಿಕೊಂಡು ಮನೆಗೆ ಬಂದರೆ, ಬೇರೆಯವರ ಹೆಂಡತಿಯಾದರೆ ಒಂದು ಲೋಟ ನೀರು ಕೊಡುತ್ತಾಳೆ. ನನ್ನವಳು ಕನ್ನಡಕ ಮೇಲೆತ್ತಿ, "ಯಾವ ಥರದ ಇಲ್ಲ? ಜನ ಬಂದು ತಗೊಳ್ದೆ ಹೋದ್ರಾ, ಇಲ್ಲಾ ಜನವೇ ಬರ್ಲಿಲ್ವಾ? ಎರಡೂ ಬೇರೆ ಬೇರೆ ಕಣ್ರೀ" ಎನ್ನುತ್ತಾಳೆ. ಎರಡರಲ್ಲೂ ಗಲ್ಲಾಪೆಟ್ಟಿಗೆ ಖಾಲಿಯೇ ಅಲ್ಲವೇ ಎಂದು ನಾನು ಕೇಳಿದರೆ, ಕಾಲೇಜಿನ ಹುಡುಗಿಯರಿಗೆ ಹೇಳುವ ಪಾಠ ನನಗೂ ಆಗುತ್ತದೆ, ಕಾಫಿ ತಣ್ಣಗಾಗುವವರೆಗೆ.

ಈ ಬುದ್ಧಿ ಅವಳಿಗೆ ಹುಟ್ಟಿನಿಂದ ಬಂದದ್ದು. ಇಲವಾಲದಲ್ಲಿ ನಮ್ಮ ಮಾವ ಹಿಟ್ಟಿನ ಮಿಷನ್ ಇಟ್ಟಿದ್ದರು. ಪುಟ್ಟ ಹುಡುಗಿ ಪ್ರೇಮಲೀಲಾ ಬಾಗಿಲಲ್ಲಿ ಕುಳಿತು, ಯಾವ ಮನೆಯವರು ಈ ವಾರ ರಾಗಿ ಬೀಸಿಸಲು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ತಲೆಕೆಡಿಸಿಕೊಳ್ಳುತ್ತಿದ್ದಳಂತೆ. ಬಂದವರ ಬಗ್ಗೆ ಅವಳಿಗೆ ಅಂಥ ಆಸಕ್ತಿ ಇರಲಿಲ್ಲ. ನಾನು ಅವಳನ್ನು ನೋಡಲು ಹೋದ ದಿನ, ಎಲ್ಲರೂ ಇಬ್ಬರನ್ನೇ ಬಿಟ್ಟು ಎದ್ದು ಹೋದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಅಂಗಡಿಗೆ ಬಂದೋರಲ್ಲಿ ಎಷ್ಟು ಜನ ಏನೂ ತಗೊಳ್ದೆ ವಾಪಸ್ ಹೋಗ್ತಾರೆ?" ನಾನು ಬೆವರೊರೆಸಿಕೊಂಡು ಗೊತ್ತಿಲ್ಲ ಎಂದೆ. ಒಳಗೆ ಹೋಗಿ ಅವಳು ಅವರಪ್ಪನಿಗೆ, "ದಡ್ಡ, ಆದ್ರೆ ಸುಳ್ಳು ಹೇಳಲ್ಲ" ಎಂದಳಂತೆ. ಮದುವೆ ನಿಶ್ಚಯವಾಯಿತು.

ಇಂಥವಳ ಕೈಗೆ ೧೯೯೯ರಲ್ಲಿ ಒಂದು ಕೆಲಸ ಬಂತು. ಮೇಟಗಳ್ಳಿಯ ಕಾರ್ಖಾನೆಗಳ ಹಿಂದೆ ಆಗತಾನೆ ಎದ್ದಿದ್ದ ಒಂದು ಬಡಾವಣೆಯಲ್ಲಿ ಸೇವಾ ಟ್ರಸ್ಟೊಂದು ಸಂಜೆ ಕ್ಲಿನಿಕ್ ನಡೆಸುತ್ತಿತ್ತು. ವಾರದಲ್ಲಿ ಎರಡು ಸಂಜೆ ಡಾಕ್ಟರು ಬರುತ್ತಿದ್ದರು. ಉಳಿದಂತೆ ಎಲ್ಲವೂ ನರ್ಸ್ ಚಾಮುಂಡಮ್ಮನದೇ. ದಪ್ಪ ದನಿಯ, ಗಟ್ಟಿ ಹೆಂಗಸು. ಇಂಜೆಕ್ಷನ್ ಕೊಡುವಾಗ ಎಂಥ ಬೈಗುಳ ಬೈಯುತ್ತಿದ್ದಳೆಂದರೆ, ಅದನ್ನು ಕೇಳಿಸಿಕೊಳ್ಳುವ ಗಡಿಬಿಡಿಯಲ್ಲಿ ಸೂಜಿ ಚುಚ್ಚಿದ್ದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳ ಮೇಲೆ ಒಂದು ಆಪಾದನೆ ಬಂದಿತ್ತು. ಕ್ಲಿನಿಕ್ಕಿನಲ್ಲಿ ಔಷಧಿ ಚೆನ್ನಾಗಿ ಖರ್ಚಾಗುತ್ತಿತ್ತು, ರೋಗಿಗಳ ಹೆಸರೂ ಬರೆದಿರುತ್ತಿತ್ತು. ಆದರೆ ಟ್ರಸ್ಟಿನ ಗುಮಾಸ್ತ ಆ ಹೆಸರುಗಳನ್ನು ಹಿಡಿದು ಬೀದಿಯಲ್ಲಿ ವಿಚಾರಿಸಿದರೆ ಅಂಥವರು ಯಾರೂ ಇರಲಿಲ್ಲ. ಇಲ್ಲದ ರೋಗಿಗಳನ್ನು ಬರೆದು ಔಷಧಿಯನ್ನು ಹೊರಗೆ ಮಾರುತ್ತಿದ್ದಾಳೆ ಎಂದು ಅಧ್ಯಕ್ಷ ಲಕ್ಷ್ಮೀನರಸಿಂಹ ಅವರಿಗೆ ಅನುಮಾನ ಹತ್ತಿತು. ಅವರು ನಿವೃತ್ತ ಎಂಜಿನಿಯರು. ಸೇತುವೆಯಾಗಲಿ ಮನುಷ್ಯರಾಗಲಿ, ಬಿರುಕು ಕಂಡರೆ ಬಿಡುವವರಲ್ಲ.

"ಬಂದೋರು ಏನು ಹೆಸರು ಹೇಳ್ತಾರೋ ಅದನ್ನೇ ಬರೀತೀನಿ ಸಾರ್. ಬಂದಿರೋದು ಮಾತ್ರ ನಿಜ" ಎಂದಳಂತೆ ಚಾಮುಂಡಮ್ಮ.

"ಹಾಗಾದ್ರೆ ನಿಜವಾದ ಹೆಸರು ಹೇಳಮ್ಮ, ನಾನೇ ಹೋಗಿ ಕೇಳ್ತೀನಿ."

"ಅದೊಂದು ಹೇಳಕ್ಕಾಗಲ್ಲ ಸಾರ್."

ಇದಕ್ಕೆ ಎಂಜಿನಿಯರು ಏನು ಅರ್ಥ ಮಾಡಿಕೊಳ್ಳಬೇಕೋ ಅದನ್ನೇ ಮಾಡಿಕೊಂಡರು. ಆದರೂ ನ್ಯಾಯವಂತರು, ಹೊರಗಿನವರೊಬ್ಬರು ಮನೆಮನೆಗೂ ಹೋಗಿ, ಕಳೆದ ವರ್ಷ ಯಾರು ಎಷ್ಟು ಸಲ ಕ್ಲಿನಿಕ್ಕಿಗೆ ಹೋಗಿದ್ದರೆಂದು ಕೇಳಿ ಬರಲಿ ಎಂದು ಪ್ರೇಮಲೀಲಾಗೆ ಹೇಳಿ ಕಳಿಸಿದರು. ಲೆಕ್ಕ ಹೊಂದಿದರೆ ಚಾಮುಂಡಮ್ಮ ಉಳಿಯುತ್ತಾಳೆ. ಇಲ್ಲದಿದ್ದರೆ ಅವಳು ಕಳ್ಳಿ ಎನ್ನಿಸಿಕೊಂಡು ಮನೆಗೆ ಹೋಗುತ್ತಾಳೆ, ಕ್ಲಿನಿಕ್ಕಿಗೂ ಬೀಗ.

"ಒಬ್ಬ ಹೆಂಗಸಿನ ಮಾನ ನನ್ನ ಲೆಕ್ಕದ ಮೇಲೆ ನಿಂತಿದೆ ಕಣ್ರೀ" ಎಂದಳು ನನ್ನ ಹೆಂಡತಿ. "ನೀವೂ ಬರ್ಬೇಕು."

"ನಾನ್ಯಾಕೆ?"

"ನಾಯಿಗಳಿವೆ."

ಮನುಷ್ಯರಾರಿಗೂ ಹೆದರದ ಪ್ರೇಮಲೀಲಾ ನಾಯಿ ಕಂಡರೆ ನನ್ನ ಬೆನ್ನ ಹಿಂದೆ ಅವಿತುಕೊಳ್ಳುತ್ತಾಳೆ. ಹೀಗಾಗಿ ಭಾನುವಾರ ಬಂತೆಂದರೆ, ಹಣೆಗೆ ವಿಭೂತಿ ಹಚ್ಚಿಕೊಂಡು, ಒಗೆದ ಬಿಳಿ ಅಂಗಿ ತೊಟ್ಟು, ನಾನು ಸ್ಕೂಟರ್ ಹೊರಡಿಸುವುದು. ಅವಳು ಇಳಕಲ್ ಸೀರೆ ಉಟ್ಟು, ಕಪ್ಪು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುವುದು. ಆ ಬಡಾವಣೆಯಲ್ಲಿ ಮುಕ್ಕಾಲು ಪಾಲು ನಮ್ಮವರೇ, ಕಾರ್ಖಾನೆ ಕೆಲಸದವರು. ಬಾಗಿಲಲ್ಲೇ ಅವಳು, "ನಾವು ಆರೋಗ್ಯದ ಸಮೀಕ್ಷೆಗೆ ಬಂದಿದ್ದೀವಿ" ಎಂದು ಸ್ಪಷ್ಟವಾಗಿ ಹೇಳುತ್ತಿದ್ದಳು. ಅವರು ನಕ್ಕು, "ಗೊತ್ತಾಯ್ತು ಬನ್ನಿ, ಗೊತ್ತಾಯ್ತು ಬನ್ನಿ" ಎಂದು ಒಳಗೆ ಕರೆಯುತ್ತಿದ್ದರು.

ಎಂಥ ಉಪಚಾರ! ಸಮೀಕ್ಷೆ ಎಂದರೆ ಇಷ್ಟು ಸುಖ ಎಂದು ಗೊತ್ತಿದ್ದರೆ ನಾನು ಬಟ್ಟೆ ವ್ಯಾಪಾರಕ್ಕೆ ಇಳಿಯುತ್ತಲೇ ಇರಲಿಲ್ಲ. ಒಳ್ಳೆಯ ಕುರ್ಚಿಯನ್ನು ಒರೆಸಿ ಕೊಡುವರು. ತಟ್ಟೆಯಲ್ಲಿ ಉಪ್ಪಿಟ್ಟು, ಪಕ್ಕದಲ್ಲಿ ತುಪ್ಪ ಜಿನುಗುವ ಕೇಸರಿಬಾತು. ಮಗಳೋ ಮಗನೋ ಇಸ್ತ್ರಿ ಬಟ್ಟೆಯಲ್ಲಿ ಬಂದು ಕಾಫಿ ಕೊಟ್ಟು ಹೋಗುವರು. ಪ್ರೇಮಲೀಲಾ ಕೇಳುವಳು: ಮನೆಯಲ್ಲಿ ಎಷ್ಟು ಜನ, ಯಾರ್ಯಾರದು ಎಷ್ಟು ಓದು, ಎಷ್ಟು ಸಂಬಳ, ಸ್ವಂತ ಮನೆಯೋ ಬಾಡಿಗೆಯೋ, ನಲ್ಲಿ ಒಳಗಿದೆಯೋ ಹೊರಗೋ. ಆಮೇಲೆ ಮುಖ್ಯ ಪ್ರಶ್ನೆ: "ಯಾರಿಗಾದ್ರೂ ಕಾಯಿಲೆ ಕಸಾಲೆ? ಕ್ಲಿನಿಕ್‌ಗೆ ಹೋಗಿದ್ರಾ?"

"ಛೆ ಛೆ! ನಮ್ಮ ಮನೇಲಿ ಯಾರಿಗೂ ಒಂದು ನೆಗಡೀನೂ ಬರಲ್ಲ ಕಣಮ್ಮ."

ಹಾಗೆನ್ನುವಾಗ ಒಳಗೆ ಅಜ್ಜಿಯೊಬ್ಬರು ಕೆಮ್ಮುತ್ತಿದ್ದರೆ ಯಾರೋ ಓಡಿ ಹೋಗಿ ಬಾಗಿಲು ಮುಚ್ಚುತ್ತಿದ್ದರು. ನಾನು ಸುಮ್ಮನೆ ಕೂರಲಾರದೆ, ಕಸುಬಿನ ಚಾಳಿ, ಕಿಟಕಿಯ ಪರದೆಯನ್ನು ಬೆರಳಲ್ಲಿ ಹಿಡಿದು ನೋಡಿ "ಬಟ್ಟೆ ಚೆನ್ನಾಗಿದೆ" ಎನ್ನುತ್ತಿದ್ದೆ. ಕಾಫಿ ತಂದ ಹುಡುಗಿಯ ಸೀರೆ ಎಲ್ಲಿಯದೆಂದು ವಿಚಾರಿಸಿ, ನನ್ನ ಅಂಗಡಿಯ ವಿಳಾಸವನ್ನೂ ಹೇಳುತ್ತಿದ್ದೆ. ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನನ್ನ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಹಾಕುತ್ತಿದ್ದರು.

ಕೊನೆಗೆ ಲೆಕ್ಕ ನೋಡಿದರೆ ಬರೀ ಸೊನ್ನೆ. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಎರಡು ಸಲ, ಐದು ಸಲ ಎಂದಿದ್ದರು. ಉಳಿದದ್ದೆಲ್ಲ ಸೊನ್ನೆ, ಸೊನ್ನೆ, ಸೊನ್ನೆ.

ಆಸ್ಪತ್ರೆಯ ಲೆಕ್ಕದಲ್ಲಿ ಸೊನ್ನೆಗಳು ಹೆಚ್ಚಿರುವುದು ಲೋಕರೂಢಿಯಂತೆ. ಅದಕ್ಕೆಂದೇ ಹೊಸದೊಂದು ವಿಧಾನ ಬಂದಿದೆಯೆಂದು ಅವಳು ವಿಶ್ವವಿದ್ಯಾಲಯದ ಲೈಬ್ರರಿಯಿಂದ ಲೇಖನಗಳ ಜೆರಾಕ್ಸ್ ತಂದಿದ್ದಳು. ಸೊನ್ನೆಗಳನ್ನು ಎರಡು ರಾಶಿ ಮಾಡಬೇಕು. ಆಸ್ಪತ್ರೆಗೆ ಹೋಗುವ ಪೈಕಿಯೇ ಅಲ್ಲದವರು ಒಂದು ರಾಶಿ. ಹೋಗುವವರೇ, ಆದರೆ ಆ ವರ್ಷ ಹುಷಾರಾಗಿದ್ದರು ಎನ್ನುವವರು ಇನ್ನೊಂದು. ಸೊನ್ನೆಯನ್ನೇ ನೋಡುತ್ತ ಕೂತರೆ ಯಾವುದು ಯಾವ ರಾಶಿಯದೆಂದು ತಿಳಿಯದು; ಆ ಮನೆಯ ಓದು, ಸಂಬಳ, ಯಜಮಾನನ ವಯಸ್ಸು, ಕ್ಲಿನಿಕ್ಕಿನಿಂದ ಇರುವ ದೂರ, ಇವನ್ನೆಲ್ಲ ಕೊಟ್ಟು ಕಂಪ್ಯೂಟರಿನಿಂದ ಅಂದಾಜು ಮಾಡಿಸಬೇಕು. ಅವಳು ಎಲ್ಲವನ್ನೂ ಕೊಟ್ಟಳು. ಯಾವುದೂ ಒಪ್ಪಲಿಲ್ಲ. ಓದಿದವರದೂ ಸೊನ್ನೆ, ಓದದವರದೂ ಸೊನ್ನೆ. ಕ್ಲಿನಿಕ್ಕಿನ ಎದುರು ಮನೆಯವರದಂತೂ ಶುದ್ಧ ಸೊನ್ನೆ.

ಬೇರೆ ದಾರಿ ಕಾಣದೆ, ಮನೆಯವರು ಹೇಳಿದ್ದಕ್ಕೂ ಕ್ಲಿನಿಕ್ಕಿನಲ್ಲಿ ಬರೆದದ್ದಕ್ಕೂ ತಾಳೆಯಾಗುತ್ತಿಲ್ಲ ಎಂದು ವರದಿ ಕೊಟ್ಟಳು. ಬರುವ ಶನಿವಾರ ಸಭೆ ಸೇರಿ ಚಾಮುಂಡಮ್ಮನನ್ನು ತೆಗೆಯುವುದೆಂದು ಲಕ್ಷ್ಮೀನರಸಿಂಹ ಅವರು ಸಾರಿದರು. ಪ್ರೇಮಲೀಲಾ ಕ್ಲಿನಿಕ್ಕಿಗೇ ಹೋಗಿ ಚಾಮುಂಡಮ್ಮನಿಗೆ ಮುಖ ತೋರಿಸಿದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದಳು. ಆಕೆ ಹತ್ತಿ ಸುತ್ತುತ್ತಾ, "ನೀವೇನ್ ಮಾಡ್ತೀರಮ್ಮ, ಜನ ಹೇಳಿದ್ದ ಬರ್ಕೊಂಡ್ರಿ. ನಾನೂ ಅಷ್ಟೇಯ" ಎಂದಳು. ಮನೆಗೆ ಬಂದ ನನ್ನ ಹೆಂಡತಿ ಊಟ ಮಾಡಲಿಲ್ಲ. ಮದುವೆಯಾದ ಮೇಲೆ ಅವಳು ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗುರುವಾರ ಮಧ್ಯಾಹ್ನ ನನ್ನ ಅಂಗಡಿಗೆ ಒಬ್ಬರು ಬಂದರು. ಸೀರೆ ತೋರಿಸಲೇ ಎಂದರೆ ಬೇಡ ಎಂದರು. ಮುಖ ನೋಡಿದ ಹಾಗಿತ್ತು: ಬಡಾವಣೆಯ ಸಿದ್ದಮಲ್ಲಪ್ಪ, ಕಾರ್ಖಾನೆಯಲ್ಲಿ ಫಿಟ್ಟರು. ಅವರ ಮನೆಯ ಕೇಸರಿಬಾತಿನಲ್ಲಿ ಗೋಡಂಬಿ ಧಾರಾಳವಾಗಿತ್ತು.

"ಬಂದು ಹೋಗಿ ತಿಂಗಳಾಯ್ತು ಬುದ್ಧಿ" ಎಂದರು, ತಗ್ಗಿದ ದನಿಯಲ್ಲಿ. "ಒಪ್ಪಿಗೆ ಇಲ್ಲ ಅಂದ್ರೂ ಬೇಜಾರಿಲ್ಲ, ಒಂದು ಮಾತು ಹೇಳ್ಬುಡಿ. ಹುಡುಗ ಏನಂದ?"

"ಯಾವ ಹುಡುಗ?"

"ನಿಮ್ಮ ಹುಡುಗ."

"ನನಗೆ ಒಬ್ಬಳೇ ಮಗಳು ಸ್ವಾಮಿ. ಏಳನೇ ಕ್ಲಾಸು."

ಸಿದ್ದಮಲ್ಲಪ್ಪ ಹಾಸಿನ ಮೇಲೆ ಕುಸಿದು ಕೂತರು. "ಮತ್ತೆ ಅಷ್ಟೆಲ್ಲಾ ಕೇಳ್ಕೊಂಡು ಹೋದ್ರಲ್ಲ? ಪರದೆ ಹಿಡಿದು ನೋಡಿದ್ರಲ್ಲ?"

"ಆರೋಗ್ಯದ ಸಮೀಕ್ಷೆ ಅಂತ ಬಾಗಿಲಲ್ಲೇ ಹೇಳಿದ್ವಲ್ರೀ!"

"ಹೇಳ್ತಾರೆ ಬುಡಿ! ಗಂಡಿನ ಕಡೆಯೋರು ಯಾವತ್ತಾದ್ರೂ ಮೊದಲ್ನೇ ಸಲಕ್ಕೇ ಹೆಣ್ಣು ನೋಡಕ್ಕೆ ಬಂದಿದ್ದೀವಿ ಅಂತಾರಾ? ಈ ಕಡೆ ಬಂದಿದ್ವಿ ಅಂತಾರೆ, ಸೈಟು ನೋಡಕ್ಕೆ ಬಂದ್ವಿ ಅಂತಾರೆ, ನೀರು ಕೇಳ್ತಾರೆ, ಮನೆ ಮಠ ನೋಡ್ಕೊಂಡು ಹೋಗ್ತಾರೆ. ನೀವು ಗಂಡ ಹೆಂಡ್ತಿ, ಭಾನುವಾರ, ಇಳಕಲ್ ಸೀರೆ! ಜಯಲಕ್ಷ್ಮಿಪುರದ ಒಳ್ಳೇ ಕಡೆಯೋರು ಬೀದಿ ಬೀದಿ ಸಂಬಂಧ ನೋಡ್ತಾವ್ರೆ ಅಂತ ಇಡೀ ಬಡಾವಣೆಗೇ ಸುದ್ದಿ ಕಣ್ರೀ."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಅಂಗಡಿಯ ಬಾಗಿಲೆಳೆದು, ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಮನೆಗೆ ಕರೆದೊಯ್ದೆ. ಪ್ರೇಮಲೀಲಾ ಬಾಯಿ ಬಿಟ್ಟುಕೊಂಡು ಎಲ್ಲವನ್ನೂ ಕೇಳಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಿಮ್ಮ ಮನೇಲಿ ಯಾರೂ ಕ್ಲಿನಿಕ್‌ಗೆ ಹೋಗಲ್ಲ ಅಂದಿದ್ದು?" ಎಂದಳು.

ಸಿದ್ದಮಲ್ಲಪ್ಪ ನೆಲ ನೋಡಿದರು. "ನಮ್ಮ ಸುಷ್ಮಾಗೆ ಫಿಟ್ಸು. ತಿಂಗಳು ತಿಂಗಳು ಚಾಮುಂಡಮ್ಮನ ಹತ್ರ ಮಾತ್ರೆ ತರ್ತೀವಿ. ಮಾತ್ರೆ ತಗೊಂಡ್ರೆ ಏನೂ ಇರಲ್ಲ. ಹೆಸರು ಬೇರೆ ಬರೆಸ್ತೀವಿ. ಗಂಡಿನ ಕಡೆಯೋರು ಅಲ್ಲೂ ವಿಚಾರಿಸ್ತಾರಂತಲ್ಲ. ಮದುವೆಗಿರೋ ಮಕ್ಕಳಿರೋ ಮನೆಯೋರೆಲ್ಲಾ ಅಂಗೇಯ."

"ಶನಿವಾರ ಸಭೆಗೆ ಬಂದು ಇದೊಂದು ಮಾತು ಹೇಳ್ತೀರಾ?"

"ಅದು ಮಾತ್ರ ಕೇಳ್ಬೇಡಿ ತಾಯಿ" ಎಂದು ಅವರು ಎದ್ದೇ ಬಿಟ್ಟರು. ಬಾಗಿಲ ಹತ್ತಿರ ತಿರುಗಿ, "ಗೋಡಂಬೀನ ಮಾರ್ಕೆಟ್ಟಿಂದ ತರ್ಸಿದ್ಲು ನನ್ನ ಹೆಂಡ್ತಿ" ಎಂದರು. ನನಗೆ ಆ ಮಾತು ಚುಚ್ಚಿತು.

ಅವರು ಹೋದ ಮೇಲೆ ಪ್ರೇಮಲೀಲಾ ಪೇಪರುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡಳು. "ಮೂರನೇ ರಾಶಿ ಇದೆ ಕಣ್ರೀ! ಹೋಗಿದ್ದಾರೆ, ಆದರೆ ಹೇಳಿಲ್ಲ. ಆ ಮನೆಗಳು ಯಾವುವು ಅಂತ ಹೇಗೆ ಗುರುತಿಸೋದು? ಮನೇಲಿ ಮದುವೆಗಿರೋರು ಇದ್ದಾರಾ ಅಂತ ನಾನು ಕೇಳಲೇ ಇಲ್ವಲ್ಲ."

"ನಮಗೆ ಕೇಸರಿಬಾತ್ ಕೊಟ್ಟ ಮನೆಗಳು" ಎಂದೆ ನಾನು, ತಮಾಷೆಗೆ.

ಅವಳು ನನ್ನ ಕಡೆ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮದುವೆಯಲ್ಲಿ ತಾಳಿ ಕಟ್ಟಿದಾಗಲೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. "ಯಾವ ಯಾವ ಮನೇಲಿ ಏನು ತಿಂದ್ರಿ, ಜ್ಞಾಪಕ ಇದೆಯಾ?"

ಕೇಳಬೇಕೇ! ಮನೆಯವರ ಹೆಸರು ನನಗೆ ಒಂದೂ ನೆನಪಿಲ್ಲ. ತಿಂದದ್ದು ಒಂದೂ ಮರೆತಿಲ್ಲ. ಅವಳು ಮನೆ ನಂಬರು ಓದುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ನೀಲಿ ಗೇಟಿನ ಮನೆ, ಕೇಸರಿಬಾತು, ದ್ರಾಕ್ಷಿ ಹೆಚ್ಚು. ಮೂಲೆ ಮನೆ, ಬರೀ ನೀರು, ಅದೂ ಕೇಳಿದ ಮೇಲೆ. ಅದರ ಪಕ್ಕದ್ದು, ಕೇಸರಿಬಾತು, ತುಪ್ಪ ಕಡಿಮೆ, ಡಾಲ್ಡಾ ಇರಬಹುದು. "ಡಾಲ್ಡಾ ಬೇಡ, ಸಿಹಿ ಇತ್ತೋ ಇಲ್ವೋ ಅಷ್ಟೇ ಹೇಳಿ" ಎಂದು ಗದರಿದಳು.

ಶುಕ್ರವಾರವಿಡೀ ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತು, ಓದು ಸಂಬಳಗಳ ಪಕ್ಕದಲ್ಲಿ ಕೇಸರಿಬಾತಿಗೂ ಒಂದು ಸ್ಥಾನ ಕೊಟ್ಟಳು. ಅಲ್ಲಿಯವರೆಗೆ ಮುನಿಸಿಕೊಂಡಿದ್ದ ಲೆಕ್ಕ ದಾರಿಗೆ ಬಂತು. ಸಿಹಿ ಕೊಟ್ಟ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸೊನ್ನೆ. ಬರೀ ಕಾಫಿ ಅಥವಾ ನೀರು ಕೊಟ್ಟ ಮನೆಗಳಲ್ಲಿ, ಅಂದರೆ ಚಿಕ್ಕ ಮಕ್ಕಳಿದ್ದವರು, ಮುದುಕರು, ಮಕ್ಕಳ ಮದುವೆ ಮುಗಿಸಿದವರ ಮನೆಗಳಲ್ಲಿ, ಮನುಷ್ಯರಿಗೆ ಬರಬೇಕಾದಷ್ಟು ಕಾಯಿಲೆ ಬಂದಿತ್ತು. ಅದೇ ಅಳತೆಯಲ್ಲಿ ಎಲ್ಲ ಮನೆಗಳಿಗೂ ಅಂದಾಜು ಕಟ್ಟಿದರೆ, ಚಾಮುಂಡಮ್ಮ ಬರೆದ ಸಂಖ್ಯೆಗೆ ಹತ್ತಿರ ಹತ್ತಿರ ಬಂದು ನಿಂತಿತು. ಪ್ರೇಮಲೀಲಾ ಕಾಲೇಜಿನ ವರಾಂಡದಲ್ಲಿ ಅತ್ತಳು. ನಾನು ಕರ್ಚೀಫು ಕೊಟ್ಟೆ.

ಶನಿವಾರ ಟ್ರಸ್ಟಿನ ಹಾಲಿನಲ್ಲಿ ಸಭೆ. ಮೇಜಿನ ಆಚೆ ಲಕ್ಷ್ಮೀನರಸಿಂಹ ಅವರು, ಗೋಡೆಯ ಪಕ್ಕದ ಬೆಂಚಿನ ಮೇಲೆ ಚಾಮುಂಡಮ್ಮ. ಪ್ರೇಮಲೀಲಾ ಎದ್ದು ನಿಂತು ಸೊನ್ನೆಗಳ ರಾಶಿಯನ್ನು ವಿವರಿಸಿದಳು. ಅಧ್ಯಕ್ಷರಿಗೆ ಸುಲಭವಾಗಲೆಂದು ಉದಾಹರಣೆ ಕೊಟ್ಟಳು. "ಒಂದು ಬೀದೀಲಿ ಈ ವಾರ ಮಟನ್ ತಂದಿಲ್ಲ ಅನ್ನೋ ಮನೆಗಳಿವೆ ಅನ್ನಿ ಸಾರ್. ನಿಮ್ಮಂಥೋರು, ನಮ್ಮಂಥೋರು ಯಾವತ್ತೂ ತರಲ್ಲ. ಕೆಲವರು ಶ್ರಾವಣ ಅಂತ ಈ ವಾರ ತಂದಿಲ್ಲ. ಇನ್ನು ಕೆಲವರು ತಂದಿದ್ದಾರೆ, ಮುಚ್ಚಿಟ್ಟು ತಿಂದಿದ್ದಾರೆ..."

ಲಕ್ಷ್ಮೀನರಸಿಂಹ ಅವರು ಮಟನ್ ಎಂಬ ಶಬ್ದಕ್ಕೇ ಮೂಗು ಮುಚ್ಚಿಕೊಂಡರು. ಕೇಸರಿಬಾತಿನ ಭಾಗ ಬಂದಾಗ ಕೈ ಕೆಳಗಿಳಿಸಿದರು.

"ಮೇಡಂ, ನಿಮ್ಮ ಯಜಮಾನರು ತಿಂದ ತಿಂಡಿಯ ಆಧಾರದ ಮೇಲೆ ನಾನು ಟ್ರಸ್ಟಿನ ತೀರ್ಮಾನ ಮಾಡ್ಲಾ?"

"ಅದು ತಿಂಡಿ ಅಲ್ಲ ಸಾರ್, ಸೂಚಕ."

"ಏನೇ ಅನ್ನಿ. ಈ ಅಂದಾಜಿನ ರೋಗಿಗಳಲ್ಲಿ ಒಬ್ಬರನ್ನಾದ್ರೂ ಕಣ್ಣಿಗೆ ತೋರಿಸ್ತೀರಾ? ಒಬ್ಬರು ಸಾಕು."

ಪ್ರೇಮಲೀಲಾಗೆ ಹೆಸರು ಗೊತ್ತಿತ್ತು. ಸಿದ್ದಮಲ್ಲಪ್ಪ ಬೇಡವೆಂದಿದ್ದರು. ಎಂದೂ ಉತ್ತರಕ್ಕೆ ತಡವರಿಸದ ನನ್ನ ಹೆಂಡತಿ ತಲೆ ತಗ್ಗಿಸಿ ನಿಂತದ್ದನ್ನು ನೋಡಿ, ಈ ಅಧ್ಯಕ್ಷರ ಮೇಜನ್ನೇ ಮಗುಚಿ ಹಾಕಬೇಕು ಎನ್ನುವಷ್ಟು ಸಿಟ್ಟು ನನಗೆ ಬಂತು.

ಆಗ ಬಾಗಿಲು ತಳ್ಳಿಕೊಂಡು ಒಂದು ಹುಡುಗಿ ಒಳಗೆ ಬಂದಳು. ಅಂದು ನಮಗೆ ಕಾಫಿ ತಂದುಕೊಟ್ಟ ಸುಷ್ಮಾ. ಓಡಿ ಬಂದಿದ್ದಳೇನೋ, ಏದುಸಿರು. ಕಿಟಕಿಯಿಂದ ನೋಡಿದೆ, ಗೇಟಿನ ಆಚೆ ಸಿದ್ದಮಲ್ಲಪ್ಪ, ಒಳಗೆ ಬರಲೂ ಆಗದೆ ಹೋಗಲೂ ಆಗದೆ ನಿಂತಿದ್ದರು.

"ನಾನು ಸಿದ್ದಮಲ್ಲಪ್ಪನೋರ ಮಗಳು ಸುಷ್ಮಾ. ನನಗೆ ಫಿಟ್ಸ್ ಬರುತ್ತೆ" ಎಂದಳು ಹುಡುಗಿ, ಒಂದೇ ಉಸಿರಿಗೆ. "ಎರಡು ವರ್ಷದಿಂದ ಕ್ಲಿನಿಕ್‌ನಲ್ಲಿ ಮಾತ್ರೆ ತಗೋತಿದ್ದೀನಿ. ಗೌರಿ ಅಂತ ಬರೆಸಿರೋದು ನಾನೇ. ಚಾಮುಂಡಮ್ಮ ಕದ್ದಿಲ್ಲ ಸಾರ್."

ಲಕ್ಷ್ಮೀನರಸಿಂಹ ಅವರು ಬೆಂಚಿನ ಕಡೆ ತಿರುಗಿದರು. "ಏನಮ್ಮ, ಈ ಹುಡುಗಿ ನಿನ್ನ ಹತ್ತಿರ ಬರ್ತಾಳಾ?"

ಚಾಮುಂಡಮ್ಮ ಎದ್ದು ನಿಂತಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲ ಸಾರ್. ಈ ಮಗೂನ ನಾನು ನೋಡೇ ಇಲ್ಲ. ಅದಕ್ಕೆ ಯಾವ ಫಿಟ್ಸೂ ಇಲ್ಲ. ಯಾರೋ ನನ್ನ ಮೇಲೆ ಕನಿಕರಕ್ಕೆ ಹೇಳ್ಕೊಟ್ಟು ಕಳಿಸವ್ರೆ. ಇಲ್ಲಿ ಕೇಳ್ದೋರು ಯಾರೂ ಇದನ್ನ ಮನಸ್ಸಿಗೆ ಹಾಕ್ಕೋಬ್ಯಾಡಿ."

"ಚಾಮುಂಡಮ್ಮ!" ಎಂದಳು ಸುಷ್ಮಾ.

"ಸುಮ್ನಿರು ಮಗಾ. ಮದುವೆ ಆಗ್ಬೇಕಾದ ಹುಡುಗಿ."

ಪ್ರೇಮಲೀಲಾ ನನ್ನ ಕೈ ಹಿಡಿದುಕೊಂಡಳು. ಲಕ್ಷ್ಮೀನರಸಿಂಹ ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಕದ್ದೋರು ತಮ್ಮನ್ನ ಉಳಿಸೋ ಸಾಕ್ಷಿ ಎದುರು ಬಂದು ನಿಂತ್ರೆ, ಗುರುತಿಲ್ಲ ಅನ್ನಲ್ಲಮ್ಮ" ಎಂದರು ಕೊನೆಗೆ. ಎದುರಿಗಿದ್ದ ಕಾಗದಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, "ಸೋಮವಾರ ಕ್ಲಿನಿಕ್ ಎಷ್ಟು ಹೊತ್ತಿಗೆ ತೆಗೀತೀರಿ?" ಎಂದು ಕೇಳಿದರು. ಅಲ್ಲಿಯವರೆಗೆ ಅವಳನ್ನು ನೀನು ಎನ್ನುತ್ತಿದ್ದವರು ಅವರು.

"ಯಾವಾಗ್ಲೂ ತೆಗ್ಯೋ ಹೊತ್ತಿಗೇ ಸಾರ್" ಎಂದಳು ಚಾಮುಂಡಮ್ಮ.

ನಾವೆಲ್ಲ ಹೊರಗೆ ಬಂದೆವು. ಗೇಟಿನ ಹತ್ತಿರ ಸಿದ್ದಮಲ್ಲಪ್ಪ ಕೈ ಮುಗಿದು ನಿಂತಿದ್ದರು, ಕಣ್ಣಲ್ಲಿ ನೀರು. ಚಾಮುಂಡಮ್ಮ ಅತ್ತಿತ್ತ ನೋಡಿ, ಹತ್ತಿರ ನಮ್ಮನ್ನು ಬಿಟ್ಟರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸುಷ್ಮಾಳ ಕಿವಿ ಹಿಡಿದಳು.

"ಮೊನ್ನೇನೇ ಮಾತ್ರೆ ಮುಗ್ದಿರ್ಬೇಕಲ್ಲೇ. ಯಾಕೆ ಬರ್ಲಿಲ್ಲ?"